ಶಾಹಿನಾ ಮೇಡಂ ಹಾಕಿದ ತ್ರಿಕೋನ

ಬ್ಯೂರೆಟ್ಟಿನ ಮುಂದೆ ಮೊಣಕಾಲೂರಿ ಕೂರುವ ಮೇಡಂ ನನಗೆ ಗೊತ್ತಿರುವುದು ಒಬ್ಬರೇ. ಶಾಹಿನಾ ಮೇಡಂ ಆರಡಿಗೆ ಎರಡು ಬೆರಳು ಕಡಿಮೆ. ನಮ್ಮ ಕಾಲೇಜಿನ ಲ್ಯಾಬಿನ ಮೇಜುಗಳೋ ಕುಳ್ಳು. ಆ ಉದ್ದನೆಯ ಗಾಜಿನ ಕೊಳವೆಯಲ್ಲಿ ದ್ರಾವಣ ಯಾವ ಗೆರೆಗೆ ಇಳಿದಿದೆ ಎಂದು ಓದಬೇಕಾದರೆ ಕಣ್ಣು ಅದೇ ಮಟ್ಟಕ್ಕೆ ಬರಬೇಕು. ಬೇರೆ ಮೇಷ್ಟ್ರುಗಳು ನಿಂತಲ್ಲಿಂದಲೇ ಕತ್ತು ಬಗ್ಗಿಸಿ ಒಂದು ಅಂದಾಜು ಹೇಳಿ ಮುಂದೆ ಹೋಗುತ್ತಿದ್ದರು. ಇವರು ದುಪಟ್ಟಾವನ್ನು ಹೆಗಲ ಮೇಲೆ ಗಂಟು ಹಾಕಿಕೊಂಡು, ನೆಲಕ್ಕೆ ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ ಓದುತ್ತಿದ್ದರು. ಆಮೇಲೆ ಮೇಜಿನ ಅಂಚು ಹಿಡಿದು ಏಳುವಾಗ "ಯಾ ಅಲ್ಲಾ, ಮಂಡಿ!" ಎಂದು ನರಳುತ್ತಿದ್ದರು. ಒಂದು ಮಧ್ಯಾಹ್ನಕ್ಕೆ ಇಪ್ಪತ್ತನಾಲ್ಕು ಜನ ಹುಡುಗ ಹುಡುಗಿಯರ ಮುಂದೆ ಇಪ್ಪತ್ತನಾಲ್ಕು ಸಲ ಹೀಗೆ ಕೂತು ಏಳುತ್ತಿದ್ದರು. ನಾವು ನಗುತ್ತಿದ್ದೆವು.

ಅವರು ಸಕಲೇಶಪುರ ಪೇಟೆಯವರು. ತಂದೆಗೆ ಲಾರಿಗಳಿದ್ದವು, ಕಾಫಿ ಚೀಲ ಹೇರಿಕೊಂಡು ಘಾಟಿ ಇಳಿದು ಮಂಗಳೂರಿಗೆ ಹೋಗುವ ಲಾರಿಗಳು. ಮೇಡಂ ಎಂ.ಎಸ್ಸಿ. ಮಾಡಿದರೂ ಮಾತು ಮಾತ್ರ ಲಾರಿ ಶೆಡ್ಡಿನಿಂದ ಹೊರಗೆ ಬಂದಿರಲಿಲ್ಲ. ಲೆಕ್ಕ ತಪ್ಪಿದರೆ "ನಿಂದು ಆಕ್ಸೆಲ್ ಕಟ್ಟಾಗೈತೆ, ತಳ್ಳಿದ್ರೂ ಹೋಗಲ್ಲ" ಎನ್ನುವರು. ಎರಡು ರೀಡಿಂಗ್ ತೆಗೆದು ಮೂರನೆಯದನ್ನು ಸುಮ್ಮನೆ ಬರೆದುಕೊಂಡರೆ, "ಮೂರನೇದು ಸ್ಟೆಪ್ನಿ ಅಲ್ಲ ಕಣ್ರೋ, ಅದೂ ರೋಡಲ್ಲಿ ಓಡೋ ಟೈರೇಯ" ಎನ್ನುವರು. ಬಯ್ಯುವಾಗಲೂ ಮುಖದಲ್ಲಿ ಸಿಟ್ಟು ಇರುತ್ತಿರಲಿಲ್ಲ. ರಿಪೇರಿ ಮಾಡಬಹುದು ಎಂಬ ನಂಬಿಕೆ ಇರುವ ಮೆಕ್ಯಾನಿಕ್ಕಿನ ಮುಖ ಅದು.

ಅವರು ಬರುವ ತನಕ ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ ನಡೆದುಕೊಂಡು ಬಂದಿತ್ತು. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ತಂದಿಟ್ಟುಕೊಂಡು, ಅದರಲ್ಲಿದ್ದ ರೀಡಿಂಗನ್ನೇ ನಾವೂ ಬರೆಯುವುದು. ಬ್ಯೂರೆಟ್ ಹಿಡಿಯುವುದು, ನಲ್ಲಿ ತಿರುಗಿಸುವುದು, ಫ್ಲಾಸ್ಕ್ ಅಲ್ಲಾಡಿಸುವುದು ಎಲ್ಲ ನಡೆಯುತ್ತಿತ್ತು, ಆದರೆ ಉತ್ತರ ಮೊದಲೇ ಬರೆದಾಗಿರುತ್ತಿತ್ತು. ಇದಕ್ಕೆ ರೀಡಿಂಗ್ ಸೆಟ್ ಮಾಡುವುದು ಎಂದು ಹೆಸರು. ನನ್ನ ಪಕ್ಕದ ಮೇಜಿನವನು ಮಗ್ಗೆಯ ಸಚಿನ್. ಅವನು ಸೀನಿಯರ್ ರೆಕಾರ್ಡ್ ನೋಡಿ ಬರೆಯುತ್ತಿದ್ದ, ನಾನು ಅವನನ್ನು ನೋಡಿ ಬರೆಯುತ್ತಿದ್ದೆ. ಮೊದಲ ವರ್ಷ ಪೂರ್ತಿ ಹೀಗೇ ಸುಖವಾಗಿ ಕಳೆಯಿತು.

ಎರಡನೇ ವರ್ಷಕ್ಕೆ ಶಾಹಿನಾ ಮೇಡಂ ಬಂದರು. ಮೊದಲ ಲ್ಯಾಬಿಗೆ ಆಮ್ಲವನ್ನು ಅವರೇ ತಯಾರಿಸಿ ಬಾಟಲಿಗೆ ತುಂಬಿಟ್ಟಿದ್ದರು. ಪ್ರಯೋಗ ಮುಗಿದ ಮೇಲೆ ನಮ್ಮನ್ನೆಲ್ಲ ಮೂಲೆಯಲ್ಲಿದ್ದ ಕಂಪ್ಯೂಟರಿನ ಮುಂದೆ ನಿಲ್ಲಿಸಿದರು. ಮೂರು ಕಂಪ್ಯೂಟರಿನಲ್ಲಿ ಜೀವವಿದ್ದದ್ದು ಅದೊಂದಕ್ಕೇ. ಅಂಕಿಅಂಶಗಳನ್ನು ವಿಶ್ಲೇಷಿಸಿ ಗ್ರಾಫ್ ಬರೆಯುವ, ಉಚಿತವಾಗಿ ಸಿಗುವ ಸಾಫ್ಟ್‌ವೇರೊಂದನ್ನು ತಮ್ಮ ಮೊಬೈಲಿನ ನೆಟ್‌ನಿಂದ ಅದಕ್ಕೆ ಇಳಿಸಿದ್ದರು. ಅದರಲ್ಲಿ ಮೌಸ್ ಒತ್ತಿದರೆ ಏನೂ ಆಗುವುದಿಲ್ಲ, ಸಾಲು ಸಾಲಾಗಿ ಕಮಾಂಡ್ ಬರೆಯಬೇಕು. ಒಂದು ಅಲ್ಪವಿರಾಮ ತಪ್ಪಿದರೂ ಅದು ಬಯ್ಯುತ್ತದೆ. ಒಬ್ಬೊಬ್ಬರಾಗಿ ಹೋಗಿ ನಮ್ಮ ರೀಡಿಂಗನ್ನು ಟೈಪ್ ಮಾಡಿದೆವು. ಕೊನೆಗೆ ಮೇಡಂ ಒಂದು ಸಾಲು ಬರೆದು ಎಂಟರ್ ಒತ್ತಿದರು.

ಪರದೆಯ ಮೇಲೆ ಒಂದೇ ಒಂದು ಕಂಬ ಎದ್ದು ನಿಂತಿತು. ಹತ್ತು ಪಾಯಿಂಟ್ ಎರಡು. ಇಪ್ಪತ್ತನಾಲ್ಕು ಜನರದೂ ಅದೇ.

"ಭೇಷ್" ಎಂದರು ಮೇಡಂ. "ಇಪ್ಪತ್ತನಾಲ್ಕು ಕೈ, ಇಪ್ಪತ್ತನಾಲ್ಕು ಬ್ಯೂರೆಟ್, ಒಂದು ಹನಿನೂ ಆಚೆ ಈಚೆ ಇಲ್ಲ. ಮಿಷನ್ನಿಗೂ ಆಗಲ್ಲ ಮಾರಾಯ ಇದು. ಆದ್ರೆ ಒಂದು ಸಂಗತಿ ಐತೆ. ನಿಮ್ ಸೀನಿಯರ್‌ಗಳ ಆಸಿಡ್ ಬೇರೆ, ನಾನಿವತ್ತು ಮಾಡಿಟ್ಟಿರೋ ಆಸಿಡ್ ಬೇರೆ. ಹತ್ತು ಪಾಯಿಂಟ್ ಎರಡು ಬರಕ್ಕೆ ಸಾಧ್ಯನೇ ಇಲ್ಲ ಕಣ್ರೋ!"

ಅವರು ಬಯ್ಯಲಿಲ್ಲ. ಇನ್ನು ಮುಂದೆ ಪ್ರತಿ ವಾರವೂ ಎಲ್ಲರ ರೀಡಿಂಗ್ ಹೀಗೇ ಗ್ರಾಫಿಗೆ ಬೀಳುತ್ತದೆ, ಪುಸ್ತಕಕ್ಕೆ ಸುಳ್ಳು ಹೇಳಬಹುದು, ಗುಂಪಿಗೆ ಹೇಳಲು ಆಗುವುದಿಲ್ಲ ಎಂದಷ್ಟೇ ಹೇಳಿ ಮುಂದಿನ ವಾರ ಮತ್ತೆ ಅದೇ ಪ್ರಯೋಗ ಮಾಡಿಸಿದರು. ಈ ಸಲ ಕಂಬದ ಬದಲು ಕಣದಲ್ಲಿ ಸುರಿದ ಕಾಫಿಯ ಹಾಗೆ ನಡುವೆ ಎತ್ತರ, ಎರಡು ಕಡೆ ಇಳಿಜಾರಾದ ಒಂದು ರಾಶಿ ಬಂತು. "ಹಿಂಗಿರ್ಬೇಕು ನಿಜ" ಎಂದು ಮೇಡಂ ಖುಷಿಪಟ್ಟರು. ಆ ರಾಶಿಯಿಂದ ದೂರ ಬಲಗಡೆಗೆ ಒಂಟಿಯಾಗಿ ಒಂದು ಮರಿ ಕಂಬ ನಿಂತಿತ್ತು. ಅದು ನನ್ನದು.

ಸೋಡಿಯಂ ಕಾರ್ಬೊನೇಟ್ ದ್ರಾವಣಕ್ಕೆ ಮೀಥೈಲ್ ಆರೆಂಜ್ ಎಂಬ ಬಣ್ಣದ ಎರಡು ಹನಿ ಹಾಕಿ, ಮೇಲಿನಿಂದ ಆಮ್ಲ ಬಿಡುತ್ತಾ ಹೋದರೆ ಹಳದಿ ಇದ್ದದ್ದು ಒಂದು ಹನಿಗೆ ಸರಿಯಾಗಿ ಕೆಂಪು ಕಿತ್ತಳೆಗೆ ತಿರುಗುತ್ತದೆ. ಅಲ್ಲಿ ನಲ್ಲಿ ನಿಲ್ಲಿಸಬೇಕು, ಅದೇ ಎಂಡ್ ಪಾಯಿಂಟ್. ನಾನು ನಿಲ್ಲಿಸುವಷ್ಟರಲ್ಲಿ ಅದು ಯಾವಾಗಲೋ ದಾಟಿರುತ್ತಿತ್ತು. ಸಚಿನ್ "ಬಂತಲ್ಲೋ, ಬಂತು" ಎಂದು ಪಕ್ಕದಿಂದ ಪಿಸುಗುಟ್ಟಿದರೆ ಸರಿಹೋಗುತ್ತಿತ್ತು, ಆದರೆ ಮೇಡಂ ಅವನನ್ನು ಆಚೆ ಕೊನೆಯ ಮೇಜಿಗೆ ಕಳಿಸಿದ್ದರು. ಬಹಳಷ್ಟು ವಾರ ನನ್ನ ಕಂಬ ರಾಶಿಯಿಂದ ಹೊರಗೇ. ಮೇಡಂ ನನ್ನ ಬ್ಯೂರೆಟ್ ಬದಲಾಯಿಸಿದರು, ನಲ್ಲಿ ಬಿಚ್ಚಿ ತೊಳೆದರು, ಸಂಜೆ ಒಂದು ತಾಸು ಹೆಚ್ಚು ಕೂರಿಸಿಕೊಂಡು ಅಭ್ಯಾಸ ಮಾಡಿಸಿದರು. "ಯೋಗೇಶ, ನಿನ್ ಕೈಯಲ್ಲಿ ಬ್ರೇಕೇ ಇಲ್ವಲ್ಲೋ" ಎಂದರು. ಅಭ್ಯಾಸ ಹೆಚ್ಚಾದಷ್ಟೂ ಹೆದರಿಕೆ ಹೆಚ್ಚಾಗಿ ನಾನು ಮತ್ತಷ್ಟು ಕೆಟ್ಟೆ.

ಕೈ ಸರಿಯಿಲ್ಲ ಎನ್ನುವುದು ನನಗೆ ಹೊಸ ಮಾತಲ್ಲ. ಕುಂದೂರು ಹೋಬಳಿಯಲ್ಲಿ ನಮಗೆ ಎರಡು ಎಕರೆ ಕಾಫಿ ಇದೆ. ಕುಯ್ಲಿನ ಕಾಲದಲ್ಲಿ ಮನೆಮಂದಿಯೆಲ್ಲ ಗಿಡದ ಬುಡದಲ್ಲಿ. ಹಣ್ಣಾದದ್ದನ್ನು ಮಾತ್ರ ಕುಯ್ಯಬೇಕು, ಕಾಯಿ ಬಿಡಬೇಕು. ನನ್ನ ಬುಟ್ಟಿಯಲ್ಲಿ ಯಾವಾಗಲೂ ಅರ್ಧಕ್ಕರ್ಧ ಕಾಯಿ. "ಹಣ್ಣು ಕುಯ್ಯೋ ಅಂದ್ರೆ ಕಾಯಿ ಕುಯ್ದು ಹಾಕ್ತೀಯಲ್ಲೋ, ಕಣ್ಣು ಏನ್ ನೋಡ್ತಾ ಐತೆ?" ಎಂದು ಅಪ್ಪ ಕೂಗಾಡುತ್ತಿದ್ದರು. ಕೆಲಸ ತಪ್ಪಿಸಿಕೊಳ್ಳಲು ಬೇಕೆಂದೇ ಮಾಡುತ್ತೇನೆ ಎಂಬುದು ಅವರ ತೀರ್ಮಾನ. ಹತ್ತು ವರ್ಷದವನಿದ್ದಾಗಿನಿಂದ ಮನೆಯಲ್ಲಿ ನನಗೆ ಸೋಮಾರಿ ಎಂದೇ ಹೆಸರು. ಕಣದಲ್ಲಿ ಕಾಫಿ ಹರವುವ ಕೆಲಸಕ್ಕೆ ಮಾತ್ರ ನನ್ನನ್ನು ಇಟ್ಟುಕೊಂಡಿದ್ದರು. ನಾನೂ ಅದನ್ನೇ ನಂಬಿದ್ದೆ. ಎಲ್ಲರಿಗೂ ಸಲೀಸಾದ ಕೆಲಸ ನನಗೆ ಆಗುವುದಿಲ್ಲವೆಂದರೆ ನನ್ನಲ್ಲಿ ಮನಸ್ಸಿಟ್ಟು ಮಾಡುವ ಗುಣವೇ ಇಲ್ಲವೇನೋ ಎಂದುಕೊಂಡಿದ್ದೆ.

ಡಿಸೆಂಬರಿನ ಹೊತ್ತಿಗೆ ನನಗೆ ಸಾಕಾಗಿತ್ತು. ಪ್ರಾಕ್ಟಿಕಲ್‌ನಲ್ಲಿ ಫೇಲಾದರೆ ಡಿಗ್ರಿ ಇಲ್ಲ, ಫೇಲಾಗುವುದು ಖಂಡಿತ. ಕಾಲೇಜು ಬಿಡುತ್ತೇನೆ, ಟಿ.ಸಿ. ಕೊಡಿ ಎಂದು ಪ್ರಿನ್ಸಿಪಾಲರಿಗೆ ಅರ್ಜಿ ಬರೆದೆ. ಮೇಡಂ ಸಹಿ ಬೇಕಿತ್ತು. ಊಟದ ಬಿಡುವಿನಲ್ಲಿ ಹೋದರೆ ಅವರು ಚಪಾತಿ ಸುರುಳಿ ಕಚ್ಚಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದರು. ಅರ್ಜಿ ಓದಿದರು. ಮಡಿಚಿ ಕೀಬೋರ್ಡಿನ ಕೆಳಗೆ ಇಟ್ಟರು.

"ಕೂತ್ಕೋ. ನಿಂದೇ ನೋಡ್ತಿದ್ದೆ" ಎಂದರು. "ಈ ಸೆಮಿಸ್ಟರಿನ ಎಲ್ಲಾ ಪ್ರಯೋಗನೂ ಒಂದೇ ಗ್ರಾಫಿಗೆ ಹಾಕಿದೀನಿ. ಮೀಥೈಲ್ ಆರೆಂಜ್ ಹಾಕಿದ್ದರಲ್ಲೆಲ್ಲ ನೀನು ಕ್ಲಾಸಿಗೇ ಲಾಸ್ಟು. ಆದ್ರೆ ಸ್ಟಾರ್ಚ್ ಹಾಕಿದ್ದರಲ್ಲಿ?"

ಸ್ಟಾರ್ಚ್ ಎಂದರೆ ಗಂಜಿಯೇ. ಆ ಪ್ರಯೋಗದಲ್ಲಿ ಕಡು ನೀಲಿ ಇದ್ದದ್ದು ಕೊನೆಯ ಹನಿಗೆ ಬಿಳಿಚಿಕೊಳ್ಳುತ್ತದೆ.

"ಸ್ಟಾರ್ಚಲ್ಲಿ ಮೂರು ಸಲನೂ ನೀನು ಸರಿಯಾಗಿ ನಡುಮಧ್ಯ. ನಿನ್ನಷ್ಟು ನೀಟಾಗಿ ಯಾರೂ ಮಾಡಿಲ್ಲ. ಅದೇ ಕೈ, ಅದೇ ಬ್ಯೂರೆಟ್. ಕೈಯಲ್ಲಿ ಬ್ರೇಕ್ ಇಲ್ಲ ಅಂದ್ರೆ ಎರಡರಲ್ಲೂ ಇರಬಾರದಿತ್ತು. ನೀನೇ ನೋಡು. ಎಲ್ಲಿದೀಯ ತೋರ್ಸು."

ಪರದೆಯ ತುಂಬ ಚುಕ್ಕೆಗಳು. ಎಲ್ಲವೂ ಒಂದೇ ಥರ, ಮಾಸಲು ಕಂದು. ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು ಅಂದಾಜಿನ ಮೇಲೆ ಒಂದಕ್ಕೆ ಬೆರಳಿಟ್ಟೆ.

"ತಮಾಷೆ ಮಾಡ್ಬೇಡ."

ಇನ್ನೊಂದಕ್ಕೆ ಇಟ್ಟೆ.

ಮೇಡಂ ಚಪಾತಿ ಕೆಳಗಿಟ್ಟರು. "ಯೋಗೇಶ, ನಿನ್ನ ಚುಕ್ಕೆ ಕೆಂಪು ಮಾಡಿದೀನಿ. ಮಿಕ್ಕಿದ್ದೆಲ್ಲ ಹಸಿರು. ಕುರುಡರನ್ನ ಬಿಟ್ಟು ಯಾರಿಗಾದ್ರೂ..." ಎನ್ನುತ್ತಿದ್ದವರು ಅರ್ಧಕ್ಕೇ ನಿಂತರು. ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಹಳ ಮೆತ್ತಗೆ, "ನಾಳೆ ಬಾ. ಈ ಅರ್ಜಿ ನನ್ ಹತ್ರನೇ ಇರ್ಲಿ" ಎಂದರು.

ಮಾರನೇ ದಿನ ಅವರು ಕಾಲೇಜಿನ ಹಿಂದಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರನ್ನು ಕೇಳಿ ಒಂದು ಚೀಲದಲ್ಲಿ ಕಾಫಿ ಹಣ್ಣು, ಕಾಯಿ ಎರಡನ್ನೂ ಬೆರೆಸಿ ತಂದಿದ್ದರು. ಬಿಳಿಯ ಫಿಲ್ಟರ್ ಪೇಪರಿನ ಮೇಲೆ ಇಪ್ಪತ್ತನ್ನು ಹರಡಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬರೀ ಕಣ್ಣಲ್ಲಿ ನೋಡಿ ಹಣ್ಣು ಯಾವುದು, ಕಾಯಿ ಯಾವುದು ಹೇಳು ಎಂದರು. ಹೇಳಿದೆ. ಅವರು ಬರೆದುಕೊಂಡರು. ಆಮೇಲೆ ಕಣ್ಣು ಮುಚ್ಚಿಸಿ ಕೈಯಲ್ಲಿ ಮುಟ್ಟಿ ಹೇಳಲು ಹೇಳಿದರು. ಹಣ್ಣು ಬೆರಳಿಗೆ ಸ್ವಲ್ಪ ಬಾಗುತ್ತದೆ, ಕಾಯಿ ಬಾಗುವುದಿಲ್ಲ. ಕಣ್ಣಲ್ಲಿ ನೋಡಿ ಹೇಳಿದ್ದರಲ್ಲಿ ಅರ್ಧ ತಪ್ಪಾಗಿತ್ತು. ಮುಟ್ಟಿ ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

"ನಿಂಗೆ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣಲ್ಲ ಕಣೋ" ಎಂದರು ಮೇಡಂ. "ಹುಟ್ಟಿನಿಂದ ಬಂದದ್ದು, ಕಾಯಿಲೆ ಅಲ್ಲ. ಡಾಕ್ಟರ ಹತ್ರ ಒಂದ್ಸಲ ತೋರ್ಸು, ಅವರೂ ಇದನ್ನೇ ಹೇಳ್ತಾರೆ. ನಾನು ಒಂದು ಸೆಮಿಸ್ಟರ್ ಪೂರ್ತಿ ನಿನ್ನ ಕೈಗೆ ಬಯ್ದುಬುಟ್ಟೆ. ಗ್ರಾಫು ಮೂರು ತಿಂಗಳಿಂದ ಕೂಗಿ ಹೇಳ್ತಿತ್ತು, ನಂಗೆ ಕೇಳಿಸ್ಲಿಲ್ಲ. ತಪ್ಪಾಯ್ತು."

ಮೇಷ್ಟ್ರಾದವರು ತಪ್ಪಾಯ್ತು ಎಂದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ನನಗೆ ಅಳು ಬಂತು. ಕಣ್ಣಿನ ದೋಷ ಗೊತ್ತಾಗಿ ಅಳುತ್ತಿದ್ದೇನೆ ಎಂದು ಅವರು ಸಮಾಧಾನ ಮಾಡಿದರು. ನಾನು ಅತ್ತದ್ದು ಸೋಮಾರಿ ಅಲ್ಲವಲ್ಲ ಎಂಬ ಸಂತೋಷಕ್ಕೆ.

ಭಾನುವಾರ ಬೆಳಿಗ್ಗೆ ಅವರ ಸ್ಕೂಟರ್ ನಮ್ಮ ಕಣದ ಪಕ್ಕದಲ್ಲಿ ನಿಂತಿತು. ಗ್ರಾಫನ್ನು ಪ್ರಿಂಟ್ ತೆಗೆಸಿ ಸುರುಳಿ ಸುತ್ತಿ ತಂದಿದ್ದರು. ಜಗಲಿಯ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಕಾಫಿ ಲೋಟ ಇಟ್ಟು ಅಪ್ಪನಿಗೆ ಪಾಠ ಮಾಡಿದರು. ಅಪ್ಪ ಏಳನೇ ಕ್ಲಾಸಿನವರು. ಸ್ಟಾರ್ಚಿನ ರಾಶಿ ಯಾವುದು, ಆರೆಂಜಿನ ರಾಶಿ ಯಾವುದು, ಮಗ ಎಲ್ಲಿದ್ದಾನೆ ಎಲ್ಲವನ್ನೂ ಬೆರಳಿಟ್ಟು ನೋಡಿದರು.

"ಅಂದ್ರೆ ಇವ್ನು ಸೋಮಾರಿ ಅಲ್ವಾ ಮೇಡಮ್ಮೋರೇ?"

"ಅಲ್ಲ ಗೌಡ್ರೇ. ಇಡೀ ಕ್ಲಾಸಲ್ಲಿ ಇವ್ನಷ್ಟು ಜೋಪಾನವಾಗಿ ಕೆಲ್ಸ ಮಾಡೋನು ಇನ್ನೊಬ್ಬನಿಲ್ಲ. ಇಲ್ಲೇ ಐತಲ್ಲ ಲೆಕ್ಕ."

ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗು ಬಾಯಿಗಿಟ್ಟುಕೊಂಡು, "ನಮ್ಮಣ್ಣನೂ ಹಿಂಗೇಯ ಕಣವ್ವ. ಕಾಯಿ ಕುಯ್ತಾನೆ ಅಂತ ನಮ್ಮಪ್ಪ ಅವ್ನಿಗೆ ಕುಯ್ಲು ಮುಗಿಯೋಗಂಟ ಹೊಡೆಯೋರು" ಎಂದರು. ಇದು ತಾಯಿಯ ಕಡೆಯಿಂದಲೇ ಬರುವುದು ಎಂದು ಮೇಡಂ ವಿವರಿಸಿದರು. ಮರುದಿನ ಬೆಳಿಗ್ಗೆ ಅಪ್ಪ ಬುಟ್ಟಿ ತಂದು ನನ್ನ ಮುಂದಿಟ್ಟು, "ಬಾ, ನಾನು ಪಕ್ಕದಲ್ಲಿರ್ತೀನಿ. ಮುಟ್ಟಿ ನೋಡ್ಕಂಡು ನಿಧಾನವಾಗಿ ಕುಯ್ಯಿ" ಎಂದರು. ಒಂಬತ್ತು ವರ್ಷದ ಮೇಲೆ ನಾನು ಮತ್ತೆ ಗಿಡದ ಬುಡಕ್ಕೆ ಹೋದೆ.

ಪರೀಕ್ಷೆಯೊಂದು ಬಾಕಿಯಿತ್ತು. ಮೇಡಂ ಬೀರುವಿನಿಂದ ಹಳೆಯ ಪಿ.ಎಚ್. ಮೀಟರ್ ಹೊರತೆಗೆದರು. ದ್ರಾವಣದಲ್ಲಿ ಆಮ್ಲ ಎಷ್ಟಿದೆ ಎಂದು ಅದು ಬಣ್ಣದ ಹಂಗಿಲ್ಲದೆ ಅಂಕಿಯಲ್ಲೇ ಹೇಳುತ್ತದೆ. ಬ್ಯೂರೆಟ್ಟಿನಿಂದ ಸ್ವಲ್ಪ ಸ್ವಲ್ಪವೇ ಆಮ್ಲ ಬಿಡುವುದು, ಮೀಟರಿನ ಅಂಕಿ ಬರೆಯುವುದು, ಎಲ್ಲವನ್ನೂ ಸಾಫ್ಟ್‌ವೇರಿಗೆ ಕೊಟ್ಟು ಗೆರೆ ಎಳೆಸುವುದು. ಗೆರೆ ಎರಡು ಕಡೆ ಮೆಟ್ಟಿಲಿನ ಹಾಗೆ ಇಳಿಯುತ್ತದೆ, ನಮಗೆ ಬೇಕಾದ್ದು ಎರಡನೆಯದು. ಎಲ್ಲಿ ಅತಿ ಕಡಿದಾಗಿ ಬೀಳುತ್ತದೆ ಎಂದು ಸಾಫ್ಟ್‌ವೇರೇ ಹುಡುಕಿ ಹೇಳುತ್ತದೆ.

"ದೋಣಿಗಲ್ ತನಕ ರೋಡ್ ಹೆಂಗೆ ಬರ್ತದೆ? ಆರಾಮಾಗಿ" ಎಂದು ಮೇಡಂ ಅಂಗೈ ಚಪ್ಪಟೆ ಹಿಡಿದು ತೋರಿಸಿದರು. "ಅಲ್ಲಿಂದ ಆಚೆಗೆ? ಧಡಾರ್ ಅಂತ ಘಾಟಿ. ನಮ್ಮಪ್ಪನ ಡ್ರೈವರ್‌ಗಳು ಕಣ್ಣು ಮುಚ್ಚಿದ್ರೂ ಹೇಳೋರು ಗಾಡಿ ಎಲ್ಲಿ ಇಳಿಯಕ್ಕೆ ಶುರುವಾಯ್ತು ಅಂತ. ಅದೇ ನಿನ್ನ ಎಂಡ್ ಪಾಯಿಂಟ್ ಕಣೋ. ಬಣ್ಣ ಏನ್ ಮಾಡ್ತೀಯ?"

ಇದಕ್ಕೆ ಅನುಮತಿ ಬೇಕೆಂದು ಅವರು ಮೊದಲೇ ವಿಶ್ವವಿದ್ಯಾಲಯಕ್ಕೆ ಬರೆದು ಕಳಿಸಿದ್ದರು. ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಕಾಗದದ ನಕಲು ನೋಡಿಯೂ ಆಗುವುದಿಲ್ಲವೆಂದು ತಲೆಯಾಡಿಸಿದರು. ವಯಸ್ಸಾದವರು, ದಪ್ಪ ಕನ್ನಡಕ. "ಎಂಡ್ ಪಾಯಿಂಟನ್ನ ಕಣ್ಣಲ್ಲೇ ನೋಡ್ಬೇಕು ಮೇಡಂ. ಅದೇ ತಾನೇ ಪರೀಕ್ಷೆ? ಒಬ್ಬನಿಗೆ ಒಂದು ರೂಲ್ಸ್ ಮಾಡಕ್ಕಾಗಲ್ಲ" ಎಂದರು.

ಮೇಡಂ ದನಿ ಏರಿಸಲಿಲ್ಲ. "ಸರ್, ತಾವು ಕನ್ನಡಕ ತೆಗೆದಿಟ್ಟು ಆ ಬ್ಯೂರೆಟ್ ಓದಿ ಹೇಳ್ತೀರಾ?" ಎಂದರು.

ಪರೀಕ್ಷಕರು ಕನ್ನಡಕ ಮುಟ್ಟಿ ನೋಡಿಕೊಂಡರು. ಆಮೇಲೆ ಒಂದು ಸ್ಟೂಲ್ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು. "ಸರಿ, ಮಾಡಪ್ಪ. ಪ್ರತಿಯೊಂದು ರೀಡಿಂಗೂ ನಾನೂ ನೋಡ್ತೀನಿ."

ಮೂರು ತಾಸು ಅವರು ಅಲ್ಲಾಡಲಿಲ್ಲ. ನಾನು ಮೊಣಕಾಲೂರಿ ಬ್ಯೂರೆಟ್ ಓದಿದೆ, ಅಂಕಿ ಬರೆದೆ, ಕಂಪ್ಯೂಟರಿಗೆ ಹೋಗಿ ಕಮಾಂಡ್ ಟೈಪ್ ಮಾಡಿದೆ. ಒಂದು ಅಲ್ಪವಿರಾಮ ತಪ್ಪಿ ಬೈಗುಳ ಬಂತು, ತಿದ್ದಿದೆ. ಗೆರೆ ಬಂತು. ಘಾಟಿ ಎಲ್ಲಿದೆ ಎಂದು ನಾನೇ ಬೆರಳಿಟ್ಟು ತೋರಿಸಿದೆ. ಅವರು ಲಕೋಟೆ ಒಡೆದು ಸರಿಯುತ್ತರ ನೋಡಿದರು. ನನ್ನದಕ್ಕೂ ಅದಕ್ಕೂ ಒಂದು ಹನಿಯ ವ್ಯತ್ಯಾಸ. ಮೊದಲನೆಯವನು ನಾನಲ್ಲ, ಆಲೂರಿನ ಚೈತ್ರಾ ಎಂಬವಳದು ಇನ್ನೂ ಹತ್ತಿರವಿತ್ತು. ಆದರೆ ಪರೀಕ್ಷಕರು ಪ್ರಿಂಟ್ ಮಾಡಿಸಿ ಮಡಿಚಿ ಜೇಬಿಗಿಟ್ಟುಕೊಂಡು ಹೋದದ್ದು ನನ್ನ ಗ್ರಾಫನ್ನು. ಅವರು ಗೇಟು ದಾಟಿದ ಮೇಲೆ ಮೇಡಂ ಗೋಡೆಗೆ ಒರಗಿ ಒಂದು ಲೋಟ ನೀರು ಗಟಗಟ ಕುಡಿದರು. ಆಗಲೇ ನನಗೆ ಗೊತ್ತಾದದ್ದು, ಅವರೂ ಹೆದರಿದ್ದರು ಎಂದು.

ನಾನು ಎಂ.ಎಸ್ಸಿ. ಮುಗಿಸಿ ಬಂದ ವರ್ಷವೇ ಅವರಿಗೆ ಘಟ್ಟದ ಕೆಳಗಿನ ಒಂದು ಕಾಲೇಜಿಗೆ ವರ್ಗವಾಯಿತು. ಸಾಮಾನು ಹೇರಿದ ಅವರ ತಮ್ಮನ ಪಿಕಪ್ಪಿನಲ್ಲಿ ನಾನೂ ಹತ್ತಿಕೊಂಡು ದೋಣಿಗಲ್ ತನಕ ಹೋದೆ. ಅಲ್ಲಿ ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಚಹಾ ಕುಡಿದೆವು. ಅವರ ಜಾಗಕ್ಕೆ ಅತಿಥಿ ಉಪನ್ಯಾಸಕನಾಗಿ ನಾನೇ ಹೋಗುತ್ತಿದ್ದೇನೆ ಎಂದು ಹೇಳಲು ನನಗೆ ಸಂಕೋಚ. ಅವರಿಗೆ ಮೊದಲೇ ಗೊತ್ತಿತ್ತು. "ಮಂಡಿಗೆ ಎಣ್ಣೆ ಹಚ್ಕೊಂಡು ಹೋಗು" ಎಂದರು. ಪಿಕಪ್ ಹೊರಟಿತು. ಮೊದಲನೇ ತಿರುವಿನಲ್ಲಿ ಕಿಟಕಿಯಿಂದ ಕೈ ಹೊರಹಾಕಿ, ಅಂಗೈ ಚಪ್ಪಟೆ ಹಿಡಿದು, ಧಡಾರೆಂದು ಕೆಳಗೆ ಬಾಗಿಸಿ ತೋರಿಸಿದರು. ಅವರನ್ನು ಕೊನೆಯದಾಗಿ ನೋಡಿದ್ದು ಅದೇ. ಆಮೇಲೆ ಫೋನಿನಲ್ಲಿ ಮಾತು ಸಿಗುತ್ತದೆ, ಮುಖ ಸಿಕ್ಕಿಲ್ಲ.

ಕಳೆದ ವಾರ ಲ್ಯಾಬಿನಲ್ಲಿ ಒಬ್ಬ ಹುಡುಗಿ ಕೇಳಿದಳು. "ಸರ್, ಬೇರೆ ಕಾಲೇಜಲ್ಲೆಲ್ಲ ಇದೇ ಸಾಫ್ಟ್‌ವೇರಲ್ಲಿ ಎಷ್ಟು ಚಂದ ಬಣ್ಣದ ಗ್ರಾಫ್ ಬರ್ತದೆ. ನಮ್ದು ಮಾತ್ರ ಯಾಕ್ ಸರ್ ಬರೀ ಕಪ್ಪು? ತ್ರಿಕೋನ, ವೃತ್ತ, ಚೌಕ, ಇಷ್ಟೇ?"

ನಾನು ಯಾವತ್ತೂ ಅದನ್ನು ಯೋಚಿಸಿರಲಿಲ್ಲ. ನಮ್ಮ ವಿದ್ಯಾರ್ಥಿಗಳು ವರ್ಷದಿಂದ ವರ್ಷಕ್ಕೆ ಬಳಸುತ್ತಾ ಬಂದಿರುವುದು ಮೇಡಂ ಬರೆದಿಟ್ಟ ಕಮಾಂಡುಗಳ ಒಂದೇ ಕಡತವನ್ನು. ಅವಳ ಮುಂದೆಯೇ ಅದನ್ನು ತೆರೆದು ಮೊದಲಿನಿಂದ ಓದಿದೆ. ಗ್ರಾಫ್ ಎಳೆಯುವ ಸಾಲಿನ ಮೇಲೆ, ಕಂಪ್ಯೂಟರ್ ಲೆಕ್ಕಕ್ಕೆ ತೆಗೆದುಕೊಳ್ಳದ ಟಿಪ್ಪಣಿಯಾಗಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದರು. "ಬಣ್ಣ ಹಾಕಬೇಡಿ. ಎಲ್ಲಿದ್ದೀನಿ ಅಂತ ಪ್ರತಿಯೊಬ್ಬರಿಗೂ ಕಾಣಬೇಕು."

ಆ ಸಾಲಿನ ಪಕ್ಕದಲ್ಲೇ ಬರೆದಿದ್ದ ತಾರೀಖು ನೋಡಿದೆ. ಅವರು ನಮ್ಮ ಮನೆಗೆ ಬಂದಿದ್ದ ಭಾನುವಾರದ ಹಿಂದಿನ ದಿನ. ನಮ್ಮ ವರ್ಷದ ರೀಡಿಂಗುಗಳೂ ಅಲ್ಲೇ ಇದ್ದವು. ಅವನ್ನು ಕೊಟ್ಟು ಎಂಟರ್ ಒತ್ತಿದೆ. ಸ್ಟಾರ್ಚಿನ ಪ್ರಯೋಗವೊಂದರ ರಾಶಿ ಬಂತು. ಇಪ್ಪತ್ತಮೂರು ವೃತ್ತಗಳು, ನಡುಮಧ್ಯದಲ್ಲಿ ಒಂದು ತ್ರಿಕೋನ.

"ಇದು ನಿಮ್ಮ ವರ್ಷದ್ದಾ? ಇದ್ರಲ್ಲಿ ನೀವೆಲ್ಲಿದೀರ ಸರ್?" ಎಂದು ಹುಡುಗಿ ಕೇಳಿದಳು.

ನಾನು ಹುಡುಕಲೇ ಬೇಕಾಗಲಿಲ್ಲ. ನೇರವಾಗಿ ಬೆರಳಿಟ್ಟು ತೋರಿಸಿದೆ.